ಉಲ್ಟಾ ಮಾತಿನ ಮುರುಗೆಪ್ಪ

ಗೋಡೆಗೆ ಒರಗಿಸಿ ಕೂರಿಸಿದ ಗಂಡನ ಹೆಣದ ಹಣೆಗೆ ಗೌರಕ್ಕ ಮೂರನೆಯ ಸಲ ವಿಭೂತಿ ಬಳಿಯುತ್ತಿದ್ದಾಗ ಮಗಳು ಆರತಿ ಕೈ ಹಿಡಿದಳು.

"ಸಾಕವ್ವಾ. ಮಂದಿ ನೋಡಾಕತ್ತಾರ."

ಮಂದಿಯೂ ಬೇಕಾದಷ್ಟಿತ್ತು. ಮುರುಗೆಪ್ಪ ಅಮರಗೋಳದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಕಾಳಿನ ಅಂಗಡಿ ಇಟ್ಟವನು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಿಮ್ಮನ್ನ ಭಾಳ ಹೊಗಳತಿದ್ರು ನೋಡ್ರಿ." ಕೇಳಿದಾಗಲೆಲ್ಲ ಗೌರಕ್ಕನ ಎದೆ ಕುಸಿಯುತ್ತಿತ್ತು.

*

ಮುರುಗೆಪ್ಪ ಹುಟ್ಟಾ ಉಲ್ಟಾ ಮಾತಿನವನು. ಪಲ್ಯ ಉಪ್ಪಾದರೆ "ಛಲೋ ಆಗೇತಿ, ಓಣಿಗೆಲ್ಲಾ ಹಂಚು" ಎನ್ನುವನು. ರುಚಿಯಾದರೆ "ಇದನ್ನ ಮನಶ್ಯಾರು ತಿಂತಾರೇನು?" ಎನ್ನುತ್ತಲೇ ಮತ್ತೆ ತಾಟು ಚಾಚುವನು. ಶಾಲೆಯಲ್ಲಿ ಕನ್ನಡ ಕಲಿಸುವ ಆರತಿ "ಇದಕ್ಕ ವ್ಯಂಗ್ಯ ಅಂತಾರವ್ವಾ" ಎಂದರೆ, "ನಿಮ್ಮ ಪುಸ್ತಕದಾಗ ಬರೇ ಹೆಸರೈತಿ, ನಮ್ಮ ಮನ್ಯಾಗ ಮನಶ್ಯಾನ ಅದಾನ" ಎಂದು ಗೌರಕ್ಕ ನಗುತ್ತಿದ್ದಳು.

ನಿನ್ನೆ ಆಸ್ಪತ್ರೆಯಲ್ಲಿ ಅವನು ಅವಳ ಕೈ ಹಿಡಿದು, "ನನ್ನ ಛಲೋ ನೋಡಕೊಂಡಿ, ಗೌರಾ" ಎಂದ. ಮೂರು ತಿಂಗಳು ಹೇಲು ಉಚ್ಚೆ ಬಳಿದವಳಿಗೆ ಪಿತ್ತ ನೆತ್ತಿಗೇರಿತು. "ಸಾಯೂ ಮುಂದರ ನೆಟ್ಟಗ ಮಾತಾಡ್ರಿ!" ಎಂದು ಕೈ ಕೊಡವಿ ಹೊರಗೆ ಬಂದು ಕುಳಿತಳು. ಮತ್ತೆ ಒಳಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಪಕ್ಕದ ಅಂಗಡಿಯ ಅಬ್ದುಲಗನಿ ಹಾರ ಹಾಕಿ ಹಿಂದೆ ಸರಿಯುತ್ತಲೇ ಗೌರಕ್ಕ ತಡೆದಳು.

"ಖರೇ ಹೇಳ್ರಿ ಗನಿಭಾಯ್. ಅಂಗಡ್ಯಾಗ ನನ್ನ ಬೈತಿದ್ರಲ್ಲ?"

ಒಂದು ಬೈಗುಳ ಸಿಕ್ಕಿದ್ದರೆ ಅವಳಿಗೆ ಸಾಕಿತ್ತು. ಬೈದಿದ್ದರೆ ತನ್ನ ಮೇಲೆ ಜೀವ ಇಟ್ಟಿದ್ದ ಎಂದೇ ಅರ್ಥ. ಆಗ ನಿನ್ನೆಯದೊಂದು ಮಾತನ್ನಾದರೂ ನೆಟ್ಟಗೆ ಆಡಿದ್ದನೆಂದು ನಂಬಬಹುದಿತ್ತು.

ಅಬ್ದುಲಗನಿಗೆ ನೆನಪಾಯಿತು. ದಿನಾ ಮಧ್ಯಾಹ್ನ ಬುತ್ತಿ ಬಿಚ್ಚಿ, "ನನ್ನ ಹೇಂತಿ ವಿಷಾ ಕಳಿಸ್ಯಾಳ, ಬಾರೋ, ಕೂಡೇ ಸಾಯೂಣು" ಎಂದು ಕರೆದು, ಒಂದಗುಳೂ ಬಿಡದೆ ಉಣ್ಣುತ್ತಿದ್ದ ಗೆಳೆಯ. ಆದರೆ ಸತ್ತವರ ಮನೆಯಲ್ಲಿ ಹೇಳುವ ಮಾತೇ ಅದು? ಅವನು ನುಂಗಿಕೊಂಡ.

"ಛೇ ಛೇ, ಒಮ್ಮೆನೂ ಇಲ್ರೀ ವೈನಿ. ಬರೇ ಹೊಗಳತಿದ್ರು."

ಗೌರಕ್ಕ ಅವನನ್ನೇ ನೋಡಿದಳು. ಆಮೇಲೆ ಕೈ ಮುಗಿದಳು.

"ಭಾಳ ಛಲೋ ಹೇಳಿದ್ರಿ."

ತನ್ನ ಮಾತಿನಿಂದ ಸಮಾಧಾನವಾಯಿತಲ್ಲ ಎಂದು ಅಬ್ದುಲಗನಿ ಕಣ್ಣೊರೆಸಿಕೊಂಡ.

ಹೊರಗೆ ಭಜನೆ ಏರಿತು. ಮುರುಗೆಪ್ಪನನ್ನು ಕೂತ ಹಾಗೆಯೇ ಎತ್ತಿ ಹೂವಿನ ವಿಮಾನದಲ್ಲಿ ಇಟ್ಟರು. ತಲೆ ನಿಲ್ಲಲೆಂದು ಕಟ್ಟಿದ ವಸ್ತ್ರ ಸಡಿಲಾಗಿದ್ದನ್ನು ಯಾರೂ ನೋಡಲಿಲ್ಲ. ಹೊತ್ತವರು ಹೆಜ್ಜೆ ಇಟ್ಟಂತೆಲ್ಲ ಅವನ ತಲೆ, ಯಾರು ಏನಂದರೂ ಹೌದು ಹೌದೆನ್ನುವವನ ಹಾಗೆ, ಓಣಿಯ ಉದ್ದಕ್ಕೂ ಆಡುತ್ತಲೇ ಹೋಯಿತು.