ಎಂಬತ್ತನಾಲ್ಕು ಮಾತ್ರೆ

ಯಲ್ಲಾಪುರದಿಂದ ಅಂಕೋಲಾ ಕಡೆ ಹೋಗುವ ಬಸ್ಸು ಅರಬೈಲ್ ಘಟ್ಟ ಇಳಿಯುವ ಮೊದಲು, ನಿಲ್ದಾಣವೇ ಅಲ್ಲದ ಒಂದು ಜಾಗದಲ್ಲಿ ಪ್ರತಿ ಭಾನುವಾರ ನಿಲ್ಲುತ್ತದೆ. "ಕಾಮಾಲೆ ಮನೆಗೆ ಹೋಗೋರು ಇಳೀರಿ" ಎಂದು ಕಂಡಕ್ಟರು ಕೂಗುತ್ತಾನೆ. ಇಳಿಯುವವರು ಬರಿ ಹೊಟ್ಟೆಯಲ್ಲಿ ಬಂದಿರುತ್ತಾರೆ, ಕೈಯಲ್ಲೊಂದು ತೆಂಗಿನಕಾಯಿ ಹಿಡಿದಿರುತ್ತಾರೆ. ಅದಕ್ಕಿಂತ ಹೆಚ್ಚಿನದನ್ನು ಆ ಮನೆಯವರು ಮುಟ್ಟುವುದಿಲ್ಲ. ನಾಲ್ಕು ತಲೆಮಾರಿನಿಂದ ಮನೆಗೆ ಬಂದ ಸೊಸೆಯಂದಿರೇ ಸೊಪ್ಪು ಅರೆದು ಕಾಮಾಲೆಗೆ ಔಷಧಿ ಕೊಡುತ್ತ ಬಂದಿದ್ದಾರೆ. ಮೂರು ಭಾನುವಾರ ಕುಡಿಯಬೇಕು. ಅಲ್ಲಿಯವರೆಗೆ ಎಣ್ಣೆ, ಖಾರ, ಆಸ್ಪತ್ರೆಯ ಔಷಧಿ ಮೂರನ್ನೂ ಬಿಡಬೇಕು. ಅದು ಪಥ್ಯ.

ಈಗ ಕೊಡುವವರು ಎಂಬತ್ತೊಂದು ವರ್ಷದ ಭಾಗೀರಥಮ್ಮ. ಅರೆದುಕೊಡುವವಳು ಸೊಸೆ ವೇದಾ.

ನಾಲ್ಕು ವರ್ಷದ ಹಿಂದೆ ಗರ್ಭಕೋಶದ ಆಪರೇಷನ್ನಿಗೆಂದು ವೇದಾ ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಸಿ ಇರುವುದು ಗೊತ್ತಾಯಿತು. ಮಗಳು ಸ್ಫೂರ್ತಿ ಹುಟ್ಟಿದಾಗ ವೇದಾಳಿಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಆಗ ಬಂದಿರಬೇಕು, ಇಷ್ಟು ವರ್ಷ ಸದ್ದಿಲ್ಲದೆ ಒಳಗೇ ಇತ್ತು ಎಂದರು ಡಾಕ್ಟರು. ಕಣ್ಣು ಹಳದಿಯಾಗಿರಲಿಲ್ಲ, ಹಸಿವು ಸತ್ತಿರಲಿಲ್ಲ. ಸುಸ್ತೊಂದಿತ್ತು. ಅದು ಯಾವ ಹೆಂಗಸಿಗಿಲ್ಲ ಎಂದುಕೊಂಡು ಅವಳೂ ಸುಮ್ಮನಿದ್ದಳು.

"ಲಿವರಿನ ಕಾಯಿಲೆಗೆ ಈ ಮನೆ ಸೊಸೆ ಆಸ್ಪತ್ರೆಗೆ ಹೋಪದಾ? ಕೇಳಿದವು ಎಂತ ಹೇಳ್ತ?" ಎಂದು ಅತ್ತೆ ತಾವೇ ಸೊಪ್ಪು ಕೊಯ್ದು, ತಾವೇ ಅರೆದು, ಎದುರು ಕುಳಿತು ಕುಡಿಸಿದರು. ಮೂರು ಭಾನುವಾರವಲ್ಲ, ಆರು ತಿಂಗಳು. ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಕಾಯಿಲೆ ಇದ್ದಲ್ಲೇ ಇತ್ತು. ಆಗ ಗಂಡ ವಿಶ್ವೇಶ್ವರ ತಾಯಿಗೆ ಹೇಳದೆ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ದಿನಕ್ಕೊಂದರಂತೆ ಹನ್ನೆರಡು ವಾರ, ಎಂಬತ್ತನಾಲ್ಕು ಮಾತ್ರೆ. ಅತ್ತೆ ಡಬ್ಬಿ ನೋಡಿ ಕೇಳಿದಾಗ ಅವನೇ ಹೇಳಿದ್ದ, "ಶಕ್ತಿ ಮಾತ್ರೆ, ಆಯಿ."

ಮಾತ್ರೆ ಮುಗಿದ ಮೂರು ತಿಂಗಳಿಗೆ ಮಾಡಿಸಿದ ಪರೀಕ್ಷೆಯಲ್ಲಿ ವೈರಸ್ ಪತ್ತೆಯಾಗಲಿಲ್ಲ. ಭಾಗೀರಥಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅಂದಿನಿಂದ ಬಂದವರಿಗೆಲ್ಲ ಸೊಸೆಯನ್ನು ತೋರಿಸಿ ಹೇಳತೊಡಗಿದರು: ದೊಡ್ಡ ಡಾಕ್ಟರು ಕೈಬಿಟ್ಟ ಕಾಯಿಲೆ, ಈ ಕೈಯ ಔಷಧಿಯಲ್ಲಿ ಗುಣವಾಯಿತು. ಡಾಕ್ಟರು ಕೈಬಿಟ್ಟಿರಲೇ ಇಲ್ಲ. ಆದರೆ ಅದನ್ನು ಯಾರು ಹೇಳಬೇಕು? ಈ ವಯಸ್ಸಿನಲ್ಲಿ ಅವರ ಮನಸ್ಸು ನೋಯಿಸುವುದು ಬೇಡ ಎಂದ ವಿಶ್ವೇಶ್ವರ. ವೇದಾಳಿಗೂ ಅದೇ ಸರಿ ಎನಿಸಿತ್ತು. ಮೊದಮೊದಲು ಅತ್ತೆ ಆ ಮಾತು ತೆಗೆದಾಗ ಒಳಗೆ ಎದ್ದುಹೋಗುತ್ತಿದ್ದಳು. ಆಮೇಲೆ ಅದೂ ಬಿಟ್ಟುಹೋಯಿತು.

ಗುಣವಾಗಿದೆ ಎಂಬ ಕಾಗದ ಬೀರುವಿನಲ್ಲಿದ್ದರೂ ಅವಳ ಹೆದರಿಕೆ ಮಾತ್ರ ಹೋಗಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿಯಲ್ಲಿ ಕಣ್ಣಿನ ಬಿಳಿ ನೋಡಿಕೊಳ್ಳುತ್ತಾಳೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದರೆ, ಅಗತ್ಯವಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದ್ದರೂ, ಮಣೆಯನ್ನೆಲ್ಲ ಬಿಸಿನೀರಿನಲ್ಲಿ ತೊಳೆಯುತ್ತಾಳೆ. ಲಿವರು ಒಂದಿಷ್ಟು ಗಟ್ಟಿಯಾಗಿದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು ಎಂದಿದ್ದರು. ಬಟ್ಟೆ ತರುವ ನೆಪದಲ್ಲಿ ಹುಬ್ಬಳ್ಳಿಗೆ ಹೋಗಿ ಮಾಡಿಸಿಕೊಂಡು ಬರುತ್ತಾಳೆ.

ಮಾಘ ಮಾಸದ ಆ ಭಾನುವಾರ ಜಗುಲಿಯಲ್ಲಿ ಆರು ಜನ ಕುಳಿತಿದ್ದರು. ಮುಂಡಗೋಡ ಕಡೆಯಿಂದ ಗಂಡ ಹೆಂಡತಿ ಬಂದಿದ್ದರು. ಗಂಡ ಅಂದಾನಪ್ಪ ಲಾರಿ ಡ್ರೈವರು, ನಲವತ್ತು ದಾಟಿರಲಾರದು. ಹೆಂಡತಿ ಸಿದ್ದವ್ವ ಅವನ ತೋಳು ಹಿಡಿದು ಮುಂದೆ ತಂದು ಕೂರಿಸಿದಳು.

ಭಾಗೀರಥಮ್ಮ ಅವನ ಕೆಳಗಿನ ರೆಪ್ಪೆ ಎಳೆದು ನೋಡಿದರು. "ಹಳದಿ ಇಲ್ಲವಲ್ಲ ತಮ್ಮಾ. ಕಾಮಾಲೆ ಅಂತ ಯಾರು ಹೇಳಿದ್ದು?"

"ಹಳದಿ ಇಲ್ರಿ ಅಮ್ಮಾರ," ಎಂದಳು ಸಿದ್ದವ್ವ. "ಯಾರಿಗೋ ರಕ್ತಾ ಕೊಡಾಕ ಹೋಗಿದ್ರು. ನಿನ್ನ ರಕ್ತಾ ಬ್ಯಾಡ, ಲಿವರಿನ್ಯಾಗ ಜಡ್ಡ ಐತಿ ಅಂದ್ರಂತ. ಹೆಪಟೈಟಿಸ್ ಸಿ ಅಂತ್ರಿ."

ಒಳಬಾಗಿಲ ಹತ್ತಿರ ಅರೆಯುತ್ತಿದ್ದ ವೇದಾಳ ಕೈ ನಿಂತಿತು.

"ಆಸ್ಪತ್ರೆಯಲ್ಲಿ ಏನೂ ಕೊಡಲಿಲ್ವಾ?" ಎಂದು ಕೇಳಿದಳು.

"ಕೊಟ್ಟಾರ್ರೀ ಅಕ್ಕಾರ. ದಿನಕ್ಕೊಂದು ಗುಳಿಗಿ, ಮೂರು ತಿಂಗಳಾ ನುಂಗಬೇಕಂತ. ಹನ್ನೆರಡು ದಿನಾ ನುಂಗಿದ್ರು. ಅಷ್ಟರಾಗ ನಿಮ್ಮ ಸುದ್ದಿ ಗೊತ್ತಾತು. ಇದಽ ಜಡ್ಡು ಈ ಮನಿ ಸೊಸಿಗೆ ಬಂದಿತ್ತು, ಬರೇ ಸೊಪ್ಪಿನ್ಯಾಗ ಆರಾಮಾತು ಅಂದ್ರು. ಇಲ್ಲಿ ಕುಡೀಬೇಕಂದ್ರ ದವಾಖಾನಿ ಔಷಧ ಬಿಡಬೇಕಲ್ರಿ? ಎಂಟು ದಿನಾ ಆತು, ಬಿಡಿಸೇನಿ."

"ಲಾರಿ ಸ್ಟೇರಿಂಗ್ ನನ್ನ ಕೈಯಾಗ, ನನ್ನ ಸ್ಟೇರಿಂಗ್ ಈಕಿ ಕೈಯಾಗ್ರಿ," ಎಂದು ಅಂದಾನಪ್ಪ ನಕ್ಕ.

"ಸುಮ್ನಿರ್ರಿ! ಘಟ್ಟದಾಗ ಲಾರಿ ಇಳಸಾಕ ಅಂಜಂಗಿಲ್ಲ, ಸೂಜಿ ಕಂಡ್ರ ಕಣ್ಣ ಮುಚ್ತಾರ."

ಜಗುಲಿಯಲ್ಲಿದ್ದವರೂ ನಕ್ಕರು. ಭಾಗೀರಥಮ್ಮನ ಮುಖ ಅರಳಿತು. "ನೀ ಹೆದರಬೇಡ ತಂಗಿ. ಇಕಾ, ಇಲ್ಲೇ ಇದ್ದಾಳೆ ನೋಡು ಆ ಸೊಸೆ. ಹೇಗಿದ್ದವಳು ಹೇಗಾಗಿದ್ದಾಳೆ!"

ಸಿದ್ದವ್ವ ತಿರುಗಿ ವೇದಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಎರಡೂ ಕೈ ಮುಗಿದಳು.

ಹಾಗೆ ಕೈ ಮುಗಿದದ್ದನ್ನು ವೇದಾಳಿಗೆ ತಡೆದುಕೊಳ್ಳಲಾಗಲಿಲ್ಲ. ಅವರು ಹೋಗುವಾಗ ರಸ್ತೆಯವರೆಗೆ ಬಿಡುವ ನೆಪದಲ್ಲಿ ಹೋಗಿ ಕಿವಿಯಲ್ಲಿ ಹೇಳಲೇ ಎಂದು ಯೋಚಿಸಿದಳು. ಅತ್ತೆ ಎಲ್ಲರೆದುರು ಗಟ್ಟಿಯಾಗಿ ಹೇಳಿದ್ದನ್ನು ಬಿಟ್ಟು, ಗೇಟಿನ ಹತ್ತಿರ ಪಿಸುಗುಟ್ಟಿದ್ದನ್ನು ಇವರು ನಂಬುತ್ತಾರೆಯೇ? ವಿಶ್ವೇಶ್ವರ ಇದ್ದಿದ್ದರೆ ಏನಾದರೂ ಮಾತು ತೇಲಿಸುತ್ತಿದ್ದ. ಅವನು ಪೇಟೆಗೆ ಹೋಗಿದ್ದ. ಬಟ್ಟಲಿಗೆ ಔಷಧಿ ಬಗ್ಗಿಸಿಯೂ ಆಗಿತ್ತು.

"ಮಾತ್ರೆ ನಿಲ್ಲಿಸಬಾರದಾಗಿತ್ತು," ಎಂದಳು. ದನಿ ತನಗೇ ಸಣ್ಣದೆನಿಸಿತು.

ಭಾಗೀರಥಮ್ಮ ತಿರುಗಿದರು. "ಎಂತ ಹೇಳ್ತೆ ಕೂಸೆ? ಪಥ್ಯ ಗೊತ್ತಿಲ್ಯ ನಿಂಗೆ? ನೀ ಯಾವ ಮಾತ್ರೆ ನುಂಗಿದ್ಯೆ? ಎನ್ನ ಔಷಧಿಂದ್ಲೇ ಗುಣ ಆದ್ದಲ್ದಾ?"

ಹೌದು ಎಂದರೆ ಮುಗಿಯುತ್ತಿತ್ತು. ಅಂದಾನಪ್ಪ ಬಟ್ಟಲಿಗೆ ಕೈ ಚಾಚಿದ್ದ.

"ನುಂಗಿದ್ದೆ ಅತ್ತೆ. ಎಂಬತ್ನಾಲ್ಕು ಮಾತ್ರೆ. ಅದು ಶಕ್ತಿ ಮಾತ್ರೆ ಅಲ್ಲ."

ಅಷ್ಟು ಹೇಳಿ, ಅತ್ತೆಯ ಮುಖ ನೋಡುವ ಧೈರ್ಯವಿಲ್ಲದೆ ಅವಳು ಸಿದ್ದವ್ವನ ಕಡೆ ತಿರುಗಿದಳು. "ಆರು ತಿಂಗಳು ಈ ಔಷಧಿ ಕುಡಿದಿದ್ದೆ. ಈ ಕಾಯಿಲೆ ಹೋಗಲಿಲ್ಲ. ನಿಮ್ಮವರಿಗೆ ಕೊಟ್ಟಂಥ ಮಾತ್ರೆಯಿಂದಲೇ ಹೋಯಿತು. ಅದಾದ ಮೇಲೂ ನಾನು ಸುಮ್ಮನಿದ್ದೆ. ನಿಮಗೆ ಸುದ್ದಿ ಹೇಳಿದವರದು ತಪ್ಪಲ್ಲ."

ಭಾಗೀರಥಮ್ಮ ಬಟ್ಟಲನ್ನು ಅಂದಾನಪ್ಪನ ಕೈಗೆ ಕೊಡದೆ ನೆಲದ ಮೇಲಿಟ್ಟರು. ಕಂಬ ಹಿಡಿದು ಎದ್ದರು. ಸೆರಗು ಸರಿಮಾಡಿಕೊಂಡು, ಯಾರನ್ನೂ ನೋಡದೆ ಒಳಗೆ ಹೋದರು.

ಸಿದ್ದವ್ವ ಸಿಟ್ಟಿನಿಂದ ಎದ್ದು ನಿಂತಳು. "ಇದನ್ನ ಮೊದ್ಲಽ ಹೇಳಬೇಕಿತ್ತಿಲ್ರಿ ಅಕ್ಕಾರ? ಮೂರು ಬಸ್ಸು ಬದಲಿ ಮಾಡಿ ಬಂದೀವಿ. ನನ್ನ ಗಂಡಗ ಗುಳಿಗಿ ಬಿಡಿಸಿದಾಕಿ ನಾನಽ. ನಾಳೆ ಏನರ ಆದ್ರ ನಾ ಯಾರನ್ನ ಕೇಳ್ಲಿ?"

"ಹೇಳಬೇಕಿತ್ತು," ಎಂದಳು ವೇದಾ.

ಬೀರುವಿನಿಂದ ಫೈಲು ತಂದು ಅದರಲ್ಲಿದ್ದ ಆಸ್ಪತ್ರೆಯ ನಂಬರಿಗೆ ಫೋನು ಮಾಡಿದಳು. ಎರಡನೇ ಸಲಕ್ಕೆ ಒಬ್ಬ ನರ್ಸು ಸಿಕ್ಕಳು. ಎಷ್ಟು ದಿನ ತಪ್ಪಿದೆ ಎಂದು ಕೇಳಿಕೊಂಡು, ತಾವಾಗಿಯೇ ಶುರು ಮಾಡುವುದು ಬೇಡ, ನಾಳೆಯೇ ಡಬ್ಬಿ ಸಮೇತ ತಮಗೆ ಮಾತ್ರೆ ಕೊಟ್ಟ ಡಾಕ್ಟರನ್ನು ಕಾಣಲಿ, ಸೊಪ್ಪಿನ ಔಷಧಿ ಯಾವುದನ್ನೂ ಕುಡಿಯಬಾರದು ಎಂದಳು. ವೇದಾ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಿದ್ದವ್ವನ ಕೈಗೆ ಕೊಟ್ಟಳು. ಉಳಿದ ನಾಲ್ವರಿಗೂ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದಳು. ಒಬ್ಬ ಮುದುಕ ಗೊಣಗುತ್ತ ತನ್ನ ತೆಂಗಿನಕಾಯಿ ವಾಪಸು ತೆಗೆದುಕೊಂಡು ಹೋದ.

ಬರಿ ಹೊಟ್ಟೆಯಲ್ಲಿದ್ದಾರೆ ಎಂದು ಗಂಡ ಹೆಂಡತಿಗೆ ಅವಲಕ್ಕಿ, ಚಹ ಕೊಟ್ಟಳು. ಸಿದ್ದವ್ವ ಚಹ ಮುಟ್ಟಲಿಲ್ಲ. ಅಂದಾನಪ್ಪ ತಿಂದ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಹೆಂಡತಿಗೆ ಕೇಳಿಸದ ಹಾಗೆ, "ಖರೇನಽ ಪೂರಾ ಆರಾಮ ಆಗತೈತೇನ್ರಿ?" ಎಂದ.

"ನನಗೆ ಆಗಿದೆ. ಹೆದರಿಕೆ ಹೋಗೋಕೆ ಇನ್ನೂ ಸ್ವಲ್ಪ ಸಮಯ ಬೇಕು."

ಅವನು ತಲೆಯಾಡಿಸಿ ಹೆಂಡತಿಯ ಹಿಂದೆ ರಸ್ತೆಗೆ ನಡೆದ.

ವೇದಾ ಒಳಗೆ ಬಂದಾಗ ಭಾಗೀರಥಮ್ಮ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದರು. ತಿಂಡಿ ತಿಂದಿರಲಿಲ್ಲ. ಅವಳು ಸ್ವಲ್ಪ ದೂರದಲ್ಲಿ ನಿಂತಳು. ಮಗನಿಗೂ ಗೊತ್ತಿತ್ತೇ, ನನಗೇಕೆ ಹೀಗೆ ಮಾಡಿದಿರಿ ಎಂದು ಕೇಳುತ್ತಾರೆ ಎಂದುಕೊಂಡು ಉತ್ತರ ಹುಡುಕುತ್ತಿದ್ದಳು. ಅವರು ಅದನ್ನು ಕೇಳಲಿಲ್ಲ.

"ಆರು ತಿಂಗ್ಳು ಕುಡಿಸಿದೆ ನಿಂಗೆ. ಆವಾಗ ಒಳಗೆ ಎಂತಾರೂ ಹಾಳಾತಾ?"

ಇಲ್ಲ ಎನ್ನಬಹುದಿತ್ತು. ಅದು ಸುಳ್ಳೆಂದು ಯಾರೂ ಸಾಧಿಸಲಾರರು.

"ಗೊತ್ತಿಲ್ಲೆ ಅತ್ತೆ. ಲಿವರು ಸ್ವಲ್ಪ ಗಟ್ಟಿ ಆಜು. ಆ ಆರು ತಿಂಗ್ಳಲ್ಲಿ ಆತಾ, ಅದಕ್ಕೂ ಮೊದ್ಲೇ ಆಗಿತ್ತಾ, ಡಾಕ್ಟ್ರು ಹೇಳಿದ್ವಿಲ್ಲೆ. ಆನೂ ಕೇಳಿದ್ನಿಲ್ಲೆ."

"ಹುಬ್ಬಳ್ಳಿಗೆ ಹೋಪದು ಬಟ್ಟೆಗಲ್ಲ, ಹಂಗಾರೆ."

"ಅಲ್ಲ. ಸ್ಕ್ಯಾನಿಗೆ."

ಭಾಗೀರಥಮ್ಮ ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. ಸೊಪ್ಪಿನ ಹಸಿರು ಉಗುರಿನ ಸಂದಿಯಲ್ಲಿ ಒಣಗಿತ್ತು.

"ಮತ್ತೆ ಯಾವಾಗ ಹೋಪದು?"

"ಬಪ್ಪ ಬುಧವಾರ."

"ಆನೂ ಬತ್ತೆ. ನೀ ಕೇಳದಿದ್ರೆ ಬೇಡ. ಆನೇ ಕೇಳ್ತೆ ಆ ಡಾಕ್ಟ್ರ ಹತ್ರ."

ಅವರು ಕೇಳಿಬಿಟ್ಟರೆ ಡಾಕ್ಟರು ಏನೆನ್ನುತ್ತಾರೋ ಎಂದು ವೇದಾ ಹೆದರಿದಳು. ಬೇಡ ಎನ್ನಲು ಬಾಯಿ ತೆರೆದವಳು, "ಬೆಳಗಿನ ಬಸ್ಸಿಗೇ ಹೊರಡವು," ಎಂದಷ್ಟೇ ಹೇಳಿ, ಅವರನ್ನು ಎಬ್ಬಿಸಲು ಕೈ ನೀಡಿದಳು.