ಮೋಡ ಮುಚ್ಚಿದ ದಿನದ ಐಸು

ಮೂರನೆಯ ದಿನವೂ ಸೂರ್ಯ ಮುಖ ತೋರಿಸಲಿಲ್ಲ.

ಬೆಳಗಿನ ಎಂಟು ಗಂಟೆಗೆ ಐಸಕ್ಕ ಐಸು ಕಾರ್ಖಾನೆಯ ತೊಟ್ಟಿಯ ಮೇಲಿನ ಮರದ ಹಲಗೆ ಸರಿಸಿ, ಕೈರಾಟೆಯ ಸರಪಳಿ ಜಗ್ಗಿ, ಒಂದು ಡಬ್ಬಿಯನ್ನು ಉಪ್ಪುನೀರಿನಿಂದ ಮೇಲಕ್ಕೆಳೆದಳು. ಐಸುಗಡ್ಡೆಯ ಅಂಚು ಬೆಳ್ಳಗೆ, ಗಟ್ಟಿಯಾಗಿ ಕಂಡಿತು. ನಡುವೆ ಬೆರಳಿಟ್ಟು ಒತ್ತಿದಳು. ತೆಳು ಪೊರೆ ಒಡೆದು ಬೆರಳು ಬುಡದವರೆಗೂ ಒಳಗಿಳಿಯಿತು. ಒಳಗೆಲ್ಲ ನೀರು. ಇನ್ನೊಂದು ಡಬ್ಬಿ ತೆಗೆದಳು, ಮತ್ತೊಂದು ತೆಗೆದಳು. ತಂಪು ಕೊಳವೆಗಳ ಪಕ್ಕದ ಎರಡು ಸಾಲು ಬಿಟ್ಟರೆ ಉಳಿದದ್ದೆಲ್ಲ ಟೊಳ್ಳು. ಮುನ್ನೂರು ಡಬ್ಬಿಯಲ್ಲಿ ಗಟ್ಟಿಯಾದದ್ದು ಎಪ್ಪತ್ತು.

ಅಪ್ಪ ಅಮ್ಮ ಇಟ್ಟ ಹೆಸರು ಮೀನುಗಾರರ ಸಂಘದ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹದಿನಾರು ವರ್ಷ ಸಂಘದ ಐಸು ಕಾರ್ಖಾನೆಯ ಯಂತ್ರ ನೋಡಿಕೊಂಡ ಮೇಲೆ ಬಂದರಿನವರಿಗೆಲ್ಲ ಅವಳು ಐಸಕ್ಕ. ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಒಕ್ಕಣ್ಣನಾಗಿದ್ದ. ಹಿಂದೊಮ್ಮೆ ಯಂತ್ರದ ಕೊಳವೆಯಿಂದ ಅಮೋನಿಯಾ ಅನಿಲ ಸೋರಿದ ದಿನ ಆ ಒಂದು ಕಣ್ಣು ಹೋಗಿತ್ತು. "ಈ ಯಂತ್ರದ ಹತ್ತಿರ ಧೈರ್ಯ ತೋರಿಸೋಕೆ ಹೋಗ್ಬೇಡಮ್ಮಾ. ಭಯ ಇಟ್ಕೊಂಡಿರು," ಎನ್ನುತ್ತಿದ್ದ.

ಐದು ವರ್ಷದ ಹಿಂದೆ ಕಾರ್ಖಾನೆ ಡೀಸೆಲ್ ಎಂಜಿನ್ನಿನ ಮೇಲೆ ಕುಂಟುತ್ತಿತ್ತು. ದಿನಕ್ಕೆ ನೂರು ಗಡ್ಡೆಯಾದರೆ ಹೆಚ್ಚು, ಬಂದರಿನಲ್ಲಿದ್ದದ್ದು ಇಪ್ಪತ್ತು ದೋಣಿ. ಅವಳ ಮೈದುನ ಸಂಘದ ಕಾರ್ಯದರ್ಶಿಯಾದ. ಕಚೇರಿಯಿಂದ ಕಚೇರಿಗೆ ಅಲೆದು, ಚಪ್ಪಲಿ ಸವೆಸಿ, ಸೌರ ಫಲಕಗಳನ್ನು ತಂದ. ಕಾರ್ಖಾನೆಯ ಮಾಡಿನ ಮೇಲೆ, ಹರಾಜು ಕಟ್ಟೆಯ ಮೇಲೆ, ಹಿಂದಿನ ಬಯಲಿನ ತುಂಬ ನೀಲಿ ಹಲಗೆಗಳು ಹರಡಿಕೊಂಡವು. ಐಸು ದುಪ್ಪಟ್ಟಾಗಿ, ಬೆಲೆ ಅರ್ಧಕ್ಕಿಳಿಯಿತು. ಅಲ್ಲಿಂದ ಬಂದರು ಹಿಂದಿರುಗಿ ನೋಡಲಿಲ್ಲ. ಇಪ್ಪತ್ತು ದೋಣಿ ಐವತ್ನಾಲ್ಕಾದವು. ಬಲೆ ಹೊಲಿಯುವ ಅಂಗಡಿ ನಾಲ್ಕಾದವು. ದೊಡ್ಡ ಪಟ್ಟಣದ ಕಂಪನಿಯೊಂದು ದಿನಾ ಲಾರಿ ಕಳಿಸತೊಡಗಿತು. "ನೋಡಿ ಅತ್ತಿಗೆ, ಸೂರ್ಯನಿಗೆ ಸಂಬಳ ಕೊಡಬೇಕಾಗಿಲ್ಲ, ರಜೆನೂ ಕೇಳಲ್ಲ," ಎಂದು ಮೈದುನ ಎದೆಯುಬ್ಬಿಸಿ ಹೇಳುತ್ತಿದ್ದ.

ಹೋದ ತಿಂಗಳು ಅವನು ಅರವತ್ತು ಹೊಸ ಡಬ್ಬಿ ತರಿಸಿದ. ಅವನ್ನು ಇಳಿಸಲು ತೊಟ್ಟಿಯನ್ನು ಹಿಗ್ಗಿಸಬೇಕಿತ್ತು. ಜಾಗಕ್ಕಾಗಿ, ಮೋಡದ ದಿನಕ್ಕೆಂದು ಉಳಿಸಿಕೊಂಡಿದ್ದ ಹಳೆಯ ಡೀಸೆಲ್ ಎಂಜಿನ್ನನ್ನು ಗುಜರಿಗೆ ಹಾಕಿದರು. ಯಂತ್ರ ಅದೇ, ಫಲಕ ಅಷ್ಟೇ, ಡಬ್ಬಿ ಮಾತ್ರ ಹೆಚ್ಚು. ಐಸಕ್ಕನಿಗೆ ಆಗಲೇ ಒಳಗೊಳಗೆ ಕಸಿವಿಸಿಯಾಗಿತ್ತು. ಆದರೆ ನಾಲ್ಕು ತಿಂಗಳಿಂದ ಬಿಸಿಲು ಕೈಬಿಟ್ಟಿರಲಿಲ್ಲ. ಅದನ್ನೇ ನಂಬಿ ಅವಳ ಗಂಡನೂ ಹಳೆಯ ದೋಣಿ ಮಾರಿ ದೊಡ್ಡದನ್ನು ಕೊಂಡಿದ್ದ. "ಆಗಲಿ ಬಿಡು," ಎಂದುಬಿಟ್ಟಿದ್ದಳು. ಈಗ ಮೋಡ ಕವಿದಿತ್ತು, ಗಾಳಿಗೆ ಊರಿನ ಕರೆಂಟು ಕಂಬವೂ ಉರುಳಿತ್ತು.

ಒಂಬತ್ತಕ್ಕೆ ಮೈದುನ ಬಂದ. ಅಂಗಿಗೆ ಇಸ್ತ್ರಿ, ಜೇಬಿಗೆ ಪೆನ್ನು.

"ಎಪ್ಪತ್ತಾ?" ಅವನ ಧ್ವನಿ ಕೀರಲಾಯಿತು. "ತಮಾಷೆ ಮಾಡ್ಬೇಡಿ ಅತ್ತಿಗೆ."

"ತಮಾಷೆ ಮಾಡೋ ಮುಖಾನಾ ಇದು?"

"ಕಂಪನಿಗೆ ಮೀನಿನ ಜೊತೆ ದಿನಾ ನೂರಿಪ್ಪತ್ತು ಗಡ್ಡೆ ಅಂತ ಬರೆದುಕೊಟ್ಟಿದ್ದೀನಿ. ಇವತ್ತು ಕೈಕೊಟ್ರೆ ನಾಳೆಯಿಂದ ಲಾರಿ ಬರಲ್ಲ. ಲಾರಿ ಬರಲ್ಲ ಅಂದ್ರೆ ಐವತ್ನಾಲ್ಕು ದೋಣಿಯ ಮೀನನ್ನ ತಗೊಳ್ಳೋರು ಯಾರು?"

"ಐಸಿಲ್ದೆ ಕೊಳೆತ ಮೀನನ್ನ ಲಾರಿಯವನು ತಗೋತಾನಾ?"

ಅವನು ಬ್ಯಾಟರಿ ಕೋಣೆಯ ಮೀಟರು ನೋಡಿ ಬಂದ. "ಇನ್ನೂ ಇಪ್ಪತ್ತೊಂದು ಪರ್ಸೆಂಟ್ ಇದೆ. ಮತ್ಯಾಕೆ ಯಂತ್ರ ನಿಲ್ಲಿಸಿದ್ದೀರಿ?"

"ಇಪ್ಪತ್ತಕ್ಕೆ ಅದೇ ನಿಲ್ಲುತ್ತೆ. ಅದಕ್ಕಿಂತ ಕೆಳಗೆ ಇಳಿಸಬಾರದು ಅಂತಾನೇ ತಡೆ ಹಾಕಿದ್ದಾರೆ."

"ಒಂದು ವೈರು ಸೇರಿಸಿದ್ರೆ ಆ ತಡೆ ಕೆಲಸ ಮಾಡಲ್ವಂತೆ. ಎಲೆಕ್ಟ್ರಿಷಿಯನ್ ಯಾವತ್ತೋ ಹೇಳಿದ್ದ."

ಐಸಕ್ಕ ಕೈಯೊರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಕಿವಿಗೊಟ್ಟು ಕೇಳು. ಬ್ಯಾಟರಿ ಸೋತಾಗ ಮೊದಲು ಸುಸ್ತಾಗೋದು ಕೊಳವೆ ತಣಿಸೋ ನೀರಿನ ಪಂಪು. ಪಂಪು ನಿಂತು ಕಂಪ್ರೆಸರ್ ಓಡ್ತಾ ಇದ್ರೆ ಕೊಳವೆಯೊಳಗೆ ಅಮೋನಿಯಾದ ಒತ್ತಡ ಏರುತ್ತೆ. ಕೊನೆಗೆ ಹೊರಗೆ ನುಗ್ಗುತ್ತೆ. ಗೇಟಿನ ಹತ್ತಿರ ಇನ್ನೂರು ಜನ ಇರ್ತಾರೆ."

"ಅರ್ಧ ಗಂಟೆ ಓಡಿಸಿದ್ರೆ ಸಾಕು."

"ಅರ್ಧ ಗಂಟೇಲಿ ಐಸಾಗಲ್ಲ. ಹೆಣ ಆಗುತ್ತೆ."

ಅವನು ಹೊರಗೆ ಹೋಗಿ ಫೋನು ಒತ್ತತೊಡಗಿದ.

ಹತ್ತೂವರೆಗೆ ವಯರ್‌ಲೆಸ್ ಕರಕರ ಎಂದಿತು. ಅವಳ ಗಂಡ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನ ಧ್ವನಿಯಲ್ಲಿ ಅಷ್ಟು ಹುಮ್ಮಸ್ಸನ್ನು ಅವಳು ಕೇಳಿದ್ದು ಕಡಿಮೆ. "ಲೇ, ಕೇಳಿಸ್ತಾ? ಕಾಲಿಡೋಕೆ ಜಾಗ ಇಲ್ಲ, ಅಷ್ಟು ಮೀನು! ಎಲ್ಲ ದೋಣೀಲೂ ಹಾಗೇ. ಐಸು ರೆಡಿ ಇಟ್ಟಿರು."

ಐಸಕ್ಕ ಗುಂಡಿ ಒತ್ತಿ ಹಿಡಿದಳು. "ರೀ, ಬಲೆ ಎಳೆಯೋದು ನಿಲ್ಲಿಸಿ. ಉಳಿದೋರಿಗೂ ಹೇಳಿ. ಐಸಿಲ್ಲ."

ಆ ಕಡೆ ಎಂಜಿನ್ನಿನ ಗುಡುಗುಡು ಜೋರಾಯಿತು.

ತಾನು ಮಾಡಿದ ತಪ್ಪು ಅವಳಿಗೆ ಅರ್ಧ ನಿಮಿಷಕ್ಕೆ ಹೊಳೆಯಿತು. ಅದು ಎಲ್ಲ ದೋಣಿಗಳೂ ಕೇಳುವ ಚಾನೆಲ್. ಇರುವ ಅಷ್ಟಿಷ್ಟು ಐಸು ಮೊದಲು ತಲುಪಿದವರಿಗೆ ಎಂದು ಎಲ್ಲರೂ ಲೆಕ್ಕ ಹಾಕಿದರು. ಐವತ್ನಾಲ್ಕು ದೋಣಿಗಳು ಒಮ್ಮೆಲೇ ದಡದತ್ತ ಮೂತಿ ತಿರುಗಿಸಿದವು.

ಹನ್ನೊಂದು ದಾಟುವಷ್ಟರಲ್ಲಿ ಬಂದರಿನ ಬಾಯಿ ಕಟ್ಟಿಹೋಗಿತ್ತು. ದೋಣಿಗೆ ದೋಣಿ ಉಜ್ಜಿ ಹಲಗೆ ಕಿತ್ತ ಸದ್ದು, ಬೈಗುಳ. ಕಂಪನಿಯ ಲಾರಿ ಬಂದು ಗೇಟಿಗೆ ಅಡ್ಡ ನಿಂತಿತ್ತು. ಬುಟ್ಟಿ ಹೊತ್ತ ಹೆಂಗಸರು, ತೊಯ್ದ ಬಟ್ಟೆಯ ಗಂಡಸರು ಗೇಟು ಹಿಡಿದು ಅಲ್ಲಾಡಿಸುತ್ತಿದ್ದರು.

"ಕಂಪನಿಗೆ ಕೊಟ್ಟು ನಮಗೆ ಚಿಪ್ಪು ಕೊಡ್ತೀರಾ?"

"ಬಾಗಿಲು ತೆಗೀರಿ, ಇಲ್ಲಾಂದ್ರೆ ಮುರೀತೀವಿ!"

ಐಸಕ್ಕ ಗೇಟಿನ ಈಚೆ ಕಲ್ಲಿನ ಮೇಲೆ ಹತ್ತಿ ನಿಂತಳು. ಎದುರಿಗೇ ಮೀನು ಮಾರುವ ದೊಡ್ಡಮ್ಮ ಇದ್ದಳು, ಬಂದರಿನ ಹೆಂಗಸರಿಗೆಲ್ಲ ಹಿರಿಯಳು. "ನಿಜ ಹೇಳು ಮಗಳೇ. ಎಷ್ಟಿದೆ?"

"ಗಟ್ಟಿ ಎಪ್ಪತ್ತು, ದೊಡ್ಡಮ್ಮ. ಉಳಿದದ್ದು ಟೊಳ್ಳು. ನಾನೇನೂ ಮುಚ್ಚಿಡಲ್ಲ..."

ಮಾತು ಅರ್ಧಕ್ಕೇ ನಿಂತಿತು. ಅವಳ ಬೆನ್ನ ಹಿಂದೆ ಕಂಪ್ರೆಸರ್ ಶುರುವಾಗಿತ್ತು.

ಹೊರಗಿನವರಿಗೆ ಅದು ಖುಷಿಯ ಸದ್ದು. "ಓಡ್ತಾ ಇದೆ, ಓಡ್ತಾ ಇದೆ," ಎಂದು ಯಾರೋ ಕೂಗಿದರು. ಐಸಕ್ಕ ಆ ಸದ್ದಿನ ಕೆಳಗೆ ಇನ್ನೊಂದು ಸದ್ದನ್ನು ಹುಡುಕುತ್ತಿದ್ದಳು. ಪಂಪಿನದು. ಅದು ಇತ್ತು, ಆದರೆ ಏದುಸಿರು ಬಿಡುತ್ತಿತ್ತು. ಕಲ್ಲಿನಿಂದ ಧುಮುಕಿ ಓಡಿದಳು. ಅಂಗಳದ ಒದ್ದೆ ನೆಲದಲ್ಲಿ ಒಮ್ಮೆ ಜಾರಿ ಬಿದ್ದು, ಎದ್ದು ಮತ್ತೆ ಓಡಿದಳು. ಬಾಗಿಲು ತಲುಪುವ ಹೊತ್ತಿಗೆ ಪಂಪು ಪೂರ್ತಿ ನಿಂತಿತ್ತು.

ಸ್ವಿಚ್ಚುಗಳ ಪೆಟ್ಟಿಗೆಯ ಮುಂದೆ ಮೈದುನ ತುಂಡು ವೈರು ಹಿಡಿದು ನಿಂತಿದ್ದ. "ಓಡ್ತಾ ಇದೆ ಅತ್ತಿಗೆ, ನೀವು ಸುಮ್ನೆ ಹೆದರ್ತೀರಿ."

ಅವಳು ಅವನ ಮುಖ ನೋಡಲಿಲ್ಲ. ನೋಡಿದ್ದು ಗೋಡೆಯ ಒತ್ತಡದ ಮುಳ್ಳನ್ನು. ಅದು ಹಸಿರು ದಾಟಿ, ಹಳದಿ ದಾಟಿ, ಕೆಂಪಿನೊಳಗೆ ಕಾಲಿಟ್ಟಿತ್ತು. ಕೆಂಪು ಗುಂಡಿಯಿದ್ದದ್ದು ಕೋಣೆಯ ಆ ತುದಿಯಲ್ಲಿ, ಮೈದುನನ ಹಿಂದೆ. ಅವನನ್ನು ಭುಜದಿಂದ ನೂಕಿ, ಅಂಗೈಯನ್ನು ಗುಂಡಿಗೆ ಅಪ್ಪಳಿಸಿದಳು. ಕಂಪ್ರೆಸರ್ ನರಳಿ ನಿಂತಿತು. ಮುಳ್ಳು ಮಾತ್ರ ಇನ್ನೂ ಏರುತ್ತಿತ್ತು. ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಮಾಡಿನ ಮೇಲಿನ ಕವಾಟ ಕಿರುಚಿತು. ಸುತ್ತಲೂ ಗಾಳಿಯೇ ಚೂರಿಯಾಯಿತು. ಕಣ್ಣಿಗೆ ಬೆಂಕಿ ಬಿದ್ದಂತೆ ಉರಿ, ಗಂಟಲು ಮುಚ್ಚಿಕೊಂಡಿತು. ತಲೆಯ ಬಟ್ಟೆಯನ್ನು ನೀರಿನ ಬಕೆಟ್ಟಿಗೆ ಅದ್ದಿ ಮೂಗಿಗೆ ಒತ್ತಿ, ಇನ್ನೊಂದು ಕೈಯಲ್ಲಿ ಮೈದುನನ ಕಾಲರ್ ಹಿಡಿದು ದರದರ ಎಳೆದುಕೊಂಡು ಹಿಂಬಾಗಿಲಿನಿಂದ ಹೊರಬಂದಳು. ಅವನು ಕೆಮ್ಮುತ್ತಾ, ಮಗುವಿನಂತೆ ಅವಳ ಸೀರೆಯ ಅಂಚನ್ನು ಹಿಡಿದಿದ್ದ.

ಗಾಳಿ ಕಡಲ ಕಡೆಗೆ ಬೀಸುತ್ತಿತ್ತು. ಅದೊಂದು ಪುಣ್ಯ. ಹೊರಬಂದದ್ದು ಒಂದೆರಡು ಉಸಿರಿನಷ್ಟು ಅನಿಲ. ಗೇಟಿನವರೆಗೆ ಬರೀ ವಾಸನೆ ಹೋಯಿತು. ಅಷ್ಟಕ್ಕೇ ಜನ ಬುಟ್ಟಿ ಬಿಟ್ಟು ಓಡಿದರು. ಐದು ನಿಮಿಷದಲ್ಲಿ ಕವಾಟ ಮುಚ್ಚಿಕೊಂಡಿತು. ಮೈದುನ ನಲ್ಲಿಯ ಕೆಳಗೆ ಮುಖವೊಡ್ಡಿ ಕೂತಿದ್ದ.

"ಅತ್ತಿಗೆ, ನಾನು..."

"ಕಣ್ಣು ತೊಳ್ಕೋ. ಮಾತಾಡ್ಬೇಡ."

ವಾಸನೆ ಕರಗಿದ ಮೇಲೆ ಜನ ಒಬ್ಬೊಬ್ಬರಾಗಿ ತಿರುಗಿ ಬಂದರು. ಈಗ ಯಾರೂ ಕೂಗುತ್ತಿರಲಿಲ್ಲ. ಐಸಕ್ಕನ ಕಣ್ಣು ಕೆಂಡವಾಗಿತ್ತು, ಧ್ವನಿ ಒಡೆದಿತ್ತು. ಗೇಟನ್ನು ತಾನೇ ತೆರೆದಳು.

"ಎಲ್ಲ ಡಬ್ಬೀನೂ ಎತ್ತೋಣ. ಗಟ್ಟಿ, ಟೊಳ್ಳು ಎಲ್ಲ ಒಡೆದು ಹಂಚೋಣ. ಐಸುಪೆಟ್ಟಿಗೆ ಇಲ್ಲದ ಸಣ್ಣ ದೋಣಿ ಮೊದಲು. ನಾಳೆಗೆ ಒಂದು ಚೂರೂ ಉಳಿಯಲ್ಲ, ನಾಳೆ ಯಾರೂ ಕಡಲಿಗಿಳಿಯೋ ಹಾಗಿಲ್ಲ. ಒಪ್ಪಿಗೇನಾ?"

"ಒಪ್ಪದೆ ಏನು ಮಾಡೋದು," ಎಂದು ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು. "ಒಡೆಯೋ ಕೊಡತಿ ಎಲ್ಲಿದೆ, ತೋರಿಸು."

ಲಾರಿ ಚಾಲಕ ಇಳಿದು ಬಂದ. "ನನ್ನ ನೂರಿಪ್ಪತ್ತು ಗಡ್ಡೆ?"

"ಇಲ್ಲ ಅಣ್ಣ. ಒಡೆದ ಐಸಲ್ಲಿ ಮೀನು ತುಂಬಿಕೊಡ್ತೀವಿ. ಸಂಜೆವರೆಗೆ ಕಾಯ್ಬೇಡ, ತುಂಬಿದಷ್ಟು ತಗೊಂಡು ಈಗಲೇ ಹೊರಡು. ಅದು ನಾಲ್ಕು ಗಂಟೆ ತಡೆಯುತ್ತೆ, ಅಷ್ಟರಲ್ಲಿ ನಿಮ್ಮ ಕೋಲ್ಡ್ ಸ್ಟೋರೇಜ್ ಸೇರ್ತೀಯ."

ಅವನು ಫೋನಿನಲ್ಲಿ ಯಜಮಾನನ ಬೈಗುಳವನ್ನು ಕಿವಿಯಿಂದ ಗೇಣುದೂರ ಹಿಡಿದು ಕೇಳಿದ. ಆಮೇಲೆ ಲಾರಿಯ ಹಿಂಬಾಗಿಲು ತೆರೆದ. ಅರ್ಧ ಲಾರಿ ತುಂಬಿತು.

ಎರಡು ಗಂಟೆ ಕೊಡತಿಯ ಪೆಟ್ಟು ನಿಲ್ಲಲಿಲ್ಲ. ಗಂಡಸರು ಸರಪಳಿ ಜಗ್ಗಿದರು, ಹೆಂಗಸರು ಒಡೆದರು. ಬುಟ್ಟಿ ಲೆಕ್ಕದಲ್ಲಿ ಐಸು ಹೋಯಿತು. ನಲವತ್ತೊಂದನೆಯ ದೋಣಿಗೆ ತೊಟ್ಟಿ ಬರಿದಾಯಿತು.

ಅವಳ ಗಂಡನದು ನಲವತ್ತಾರನೆಯದು. ದೊಡ್ಡ ದೋಣಿ, ಭಾರದ ದೋಣಿ, ಹಿಂದೆ ಬಿದ್ದಿತ್ತು. ಅವನು ಖಾಲಿ ಬುಟ್ಟಿ ಹಿಡಿದು ಅಂಗಳದಲ್ಲಿ ನಿಂತ. ಹೆಂಡತಿಯ ಕಣ್ಣು ನೋಡಿದ, ತೊಟ್ಟಿ ನೋಡಿದ.

"ನಮಗೆ?"

"ಮುಗೀತು."

"ಒಂದೆರಡು ಬುಟ್ಟಿನೂ ಎತ್ತಿಡೋಕೆ ಆಗ್ಲಿಲ್ವಾ ನಿಂಗೆ?"

ಸುತ್ತ ಇದ್ದವರು ಕೈಕೆಲಸ ನಿಲ್ಲಿಸಿದರು. ಐಸಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವನು ಬುಟ್ಟಿಯನ್ನು ನೆಲಕ್ಕೆ ಕುಕ್ಕಿ ಹೊರಟುಹೋದ. ಹದಿಮೂರು ದೋಣಿಗಳ ಮೀನಿನಲ್ಲಿ ಸ್ವಲ್ಪ ಒಣಗಿಸುವವರಿಗೆ ಹೋಯಿತು, ಸ್ವಲ್ಪ ಸಿಕ್ಕ ಬೆಲೆಗೆ ಹೋಯಿತು. ಉಳಿದದ್ದನ್ನು ಸಂಜೆ ಕಡಲಿಗೇ ಚೆಲ್ಲಿದರು. ಅವಳ ಗಂಡ ಒಬ್ಬನೇ ನಿಂತು ಸಲಿಕೆಯಲ್ಲಿ ಎತ್ತಿ ಹಾಕುತ್ತಿದ್ದುದನ್ನು ಅವಳು ಕಿಟಕಿಯಿಂದ ಕಂಡಳು. ಹೋಗಿ ಜೊತೆಗೆ ನಿಲ್ಲಬೇಕೆನಿಸಿತು. ಹೋಗಲಿಲ್ಲ.

ಎಂಟು ದಿನ ಲಾರಿ ಬರಲಿಲ್ಲ. ಒಂಬತ್ತನೆಯ ದಿನ ತಾನಾಗಿಯೇ ಬಂತು. ಇಷ್ಟು ಅಗ್ಗದ ಐಸು, ಇಷ್ಟು ತಾಜಾ ಮೀನು ಅವರಿಗೂ ಬೇರೆಲ್ಲಿ ಸಿಗಬೇಕು?

ಸಂಘದ ಸಭೆಯಲ್ಲಿ ಗಲಾಟೆಯೋ ಗಲಾಟೆ. ಮತ್ತೆ ಡೀಸೆಲ್ ತನ್ನಿ ಎಂದವರಿದ್ದರು, ಐಸಕ್ಕನನ್ನೇ ಬದಲಾಯಿಸಿ ಎಂದವರೂ ಇದ್ದರು. ಮೈದುನ ಎದ್ದು ನಿಂತ. ಕೆಮ್ಮು ಇನ್ನೂ ಬಿಟ್ಟಿರಲಿಲ್ಲ. "ಸೂರ್ಯ ಕೈಕೊಡಲಿಲ್ಲ. ಅವನು ಕೊಡೋದಕ್ಕಿಂತ ಮುಂದೆ ಓಡಿದ್ದು ನಾವು. ವೈರು ಸೇರಿಸಿದವನು ನಾನು. ನನ್ನ ಅತ್ತಿಗೆ ಇಲ್ದಿದ್ರೆ ಇವತ್ತು ಸಭೆ ಸೇರೋಕೆ ಜನ ಇರ್ತಿರಲಿಲ್ಲ," ಎಂದು ಕೂತ. ಕೊನೆಗೆ ಎರಡು ಮಾತಿಗೆ ಒಪ್ಪಿದರು. ಹೊಸ ಫಲಕ, ಹೊಸ ಬ್ಯಾಟರಿ ಬರುವವರೆಗೆ ಅರವತ್ತು ಡಬ್ಬಿ ಮೇಲೆತ್ತಿಡುವುದು. ಮೋಡದ ದಿನ ಎಷ್ಟು ಐಸೋ ಅಷ್ಟೇ ದೋಣಿ, ಅದೂ ಸರದಿಯ ಪ್ರಕಾರ.

ತಿಂಗಳು ಕಳೆದು ಮತ್ತೆ ಮೋಡ ಕವಿಯಿತು. ಐಸಕ್ಕ ಮೂವತ್ತು ದೋಣಿ ಎಂದಳು. ಗಂಡನ ದೋಣಿ ಆ ಮೂವತ್ತರಲ್ಲಿ ಇರಲಿಲ್ಲ. ಅವಳು ಕೆಲಸಕ್ಕೆ ಹೊರಟಾಗ ಅವನು ಬಾಗಿಲಲ್ಲಿ ಟೀ ಲೋಟ ಹಿಡಿದು ಆಕಾಶವನ್ನೇ ದುರುಗುಟ್ಟುತ್ತಿದ್ದ. ಮೀನು ಚೆಲ್ಲಿದ ದಿನದಿಂದ ಅವನು ಅವಳೊಂದಿಗೆ ಆಡಿದ್ದು ಬೇಕಾದ ನಾಲ್ಕು ಮಾತು ಮಾತ್ರ.

"ಈ ಮೋಡ ನಿನ್ನ ತವರಿನ ಕಡೆಯದೇ ಇರಬೇಕು," ಎಂದ ಅವನು, ಮುಖ ತಿರುಗಿಸದೆ. "ನಿನ್ನ ಹಾಗೇ, ನನ್ನ ಮಾತು ಒಂದೂ ಕೇಳಲ್ಲ."

ಐಸಕ್ಕನಿಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಆದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಮೆಟ್ಟಿಲಿಳಿಯುವಾಗ ಹಿಂದಿನಿಂದ, "ಕಣ್ಣಿಗೆ ಔಷಧಿ ಹಾಕ್ಕೊಂಡ್ಯಾ?" ಎಂದು ಕೇಳಿದ.

"ಇಲ್ಲ."

"ಹಾಕ್ಕೊಂಡು ಹೋಗು," ಎಂದು ಒಳಗೆ ಹೋಗಿ ಸೀಸೆ ತಂದ.