ಪೀಠದ ಮೇಲೆ ನಿಂತವಳು

ಸೋವಿಯತ್ ನಾಡಿನ ಗಣಿಯೂರು ಕರಗಂಡಕ್ಕೆ ಗಡೀಪಾರಾಗಿ ಬಂದಿದ್ದ ಜರ್ಮನರ ಆ ಚರ್ಚು ಕೊನೆಗೂ ಏಳಲೇ ಇಲ್ಲ. ಎರಡೇ ವರ್ಷದಲ್ಲಿ ಸಭೆಯ ಅರ್ಧ ಮಂದಿ ಗಂಟುಮೂಟೆ ಕಟ್ಟಿ ಜರ್ಮನಿಗೆ ಹೊರಟುಬಿಟ್ಟರು. ಕಟ್ಟದ ಚರ್ಚಿನ ನಕ್ಷೆಗಾಗಿ ಎಡ್ಮಂಡ್ ಫ್ರಿಟ್ಸ್ಲರ್ ಪಟ್ಟ ಪಾಡು ಮಾತ್ರ ಶತ್ರುವಿಗೂ ಬೇಡ.

ಮೂವತ್ತು ವರ್ಷ ಕಲ್ಲಿದ್ದಲು ಗಣಿಯ ಕಟ್ಟಡಗಳನ್ನೇ ಬರೆದ ವಾಸ್ತುಶಿಲ್ಪಿ ಅವನು. ಸೋವಿಯತ್ ಸರ್ಕಾರ ಚರ್ಚಿಗೆ ಒಪ್ಪಿಗೆ ಕೊಟ್ಟಿದ್ದೇ ತಡ, ತಿಂಗಳುಗಟ್ಟಲೆ ಕೂತು ಒಳಗಿನ ಕಮಾನು, ಬೆಂಚು, ಕಿಟಕಿಯಿಂದ ಬೀಳುವ ಬೆಳಕು ಎಲ್ಲವನ್ನೂ ಬಿಡಿಸಿದ. ಎತ್ತರ ತಿಳಿಯಲೆಂದು ಇಂಥ ನಕ್ಷೆಯಲ್ಲಿ ಒಂದು ಮನುಷ್ಯಾಕೃತಿಯನ್ನು ನಿಲ್ಲಿಸುವುದು ವಾಡಿಕೆ. ಎಡ್ಮಂಡ್ ಉಪದೇಶದ ಪೀಠದ ಮೇಲೆ, ತಲೆವಸ್ತ್ರ ಕಟ್ಟಿದ ಗೂನುಬೆನ್ನಿನ ಮುದುಕಿಯೊಬ್ಬಳನ್ನು ನಿಲ್ಲಿಸಿದ. ಅದು ಸಭೆಯವರೆಲ್ಲರ ಅಮಾಲಿಯಾ ಅತ್ತೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಪ್ರಾರ್ಥನೆಗೇ ನಿಷೇಧವಿದ್ದು, ಗಂಡಸರು ಸರ್ಕಾರದ ದುಡಿಮೆ ಶಿಬಿರಗಳಲ್ಲಿ ಸಾಯುತ್ತಿದ್ದಾಗ ಪರದೆ ಎಳೆದ ಅಡುಗೆಮನೆಯಲ್ಲಿ ಪ್ರಾರ್ಥನೆ ನಡೆಸಿದವಳು ಅವಳು. ಟೀ ಬಟ್ಟಲಿನ ನೀರಲ್ಲಿ ಎಡ್ಮಂಡನ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದವಳೂ ಅವಳೇ.

ಸಭೆಯ ಹಿರಿಯ ಕೊನ್ರಾಡ್ ಬೆಕ್ ನಕ್ಷೆ ನೋಡಿ ಹುಬ್ಬು ಗಂಟಿಕ್ಕಿದ. "ಏನಯ್ಯಾ ಇದು, ಹೆಂಗಸು ಪೀಠ ಹತ್ತೋದಾ? ನಾಳೆ ಹೊರಗಿಂದ ಪಾದ್ರಿ ಬಂದ್ರೆ ನಗಲ್ವಾ?"

"ಇಷ್ಟು ವರ್ಷ ನಡೆಸಿದ್ದು ಅವರೇ ಅಲ್ವಾ..."

"ಆಗ ಗತಿ ಇರ್ಲಿಲ್ಲ. ಈಗ ಗಂಡಸರು ನಾವಿದೀವಿ. ಕೆರೆದು ಹಾಕು, ಇಲ್ದಿದ್ರೆ ನನ್ನ ಸಹಿ ಇಲ್ಲ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಎಡ್ಮಂಡನಿಗೆ ಮೈಯೆಲ್ಲ ಉರಿಯಿತು. ಆದರೂ ಬ್ಲೇಡು ತೆಗೆದುಕೊಂಡು ಟ್ರೇಸಿಂಗ್ ಹಾಳೆಯ ಮೇಲಿನ ಶಾಯಿಯನ್ನು ಕೆರೆದ. ಬೆಕ್ ಸಹಿ ಹಾಕಿದ.

ಮರುದಿನ ಅಮಾಲಿಯಾ ಕೇಕು ಹಿಡಿದು ಬಂದಳು. ಅವಳ ಕಣ್ಣು ಮುಕ್ಕಾಲು ಪಾಲು ಹೋಗಿತ್ತು.

"ಎಲ್ಲೋ ನಿನ್ನ ಚರ್ಚು? ತೋರ್ಸು, ಬೆರಳಲ್ಲೇ ನೋಡ್ತೀನಿ."

ಅವನು ಅವಳ ಬೆರಳು ಹಿಡಿದು, ಒಂದೊಂದರ ಹೆಸರು ಹೇಳುತ್ತ ಬಾಗಿಲು, ಬೆಂಚು, ಕಮಾನು ದಾಟಿಸಿದ. ಪೀಠದ ಹತ್ತಿರ ಬೆರಳು ತಾನೇ ನಿಂತಿತು.

"ಇಲ್ಲಿ ತರಿತರಿ ಇದೆಯಲ್ಲ. ಪೀಠದ ಮೇಲೆ ಯಾರಿದ್ರು?"

"ಏನೋ ತಪ್ಪು ಬಿದ್ದಿತ್ತು ಅತ್ತೆ. ಕೆರೆದೆ."

"ಯಾರು ಅಂತ ಕೇಳಿದೆ ಕಣೋ."

ಎಡ್ಮಂಡ್ ಅವಳ ಬೆರಳನ್ನು ಪೀಠದಿಂದ ಸರಿಸಲು ನೋಡಿದ. ಅವಳಿಗೆ ಅಷ್ಟೇ ಸಾಕಾಯಿತು.

"ಪೊಲೀಸರು ಎರಡು ಸಲ ನನ್ನನ್ನ ಪ್ರಾರ್ಥನೆ ಮಧ್ಯದಿಂದ ಎಳ್ಕೊಂಡು ಹೋದ್ರು. ಬಿಡು, ಅದು ಅವರ ಕೆಲಸ," ಎಂದಳು. "ಈ ಸಲ ನಿನ್ನ ಕೈಯೇನೋ ಎಡ್ಮಂಡ್?"

ಅವಳು ಹೋದ ಮೇಲೆ ಅವನು ಆ ಕೇಕನ್ನು ಪಕ್ಕಕ್ಕೆ ಸರಿಸಿದ. ಅಲ್ಲೇ ಕೂತು ಅವಳನ್ನು ಮತ್ತೆ ಬರೆಯಲು ಹೊರಟ. ಕೆರೆದ ಜಾಗವನ್ನು ಮೊದಲು ಉಗುರಿನಿಂದ ಉಜ್ಜಿ ನುಣುಪು ಮಾಡಬೇಕು, ಇಲ್ಲವಾದರೆ ಶಾಯಿ ಹರಡುತ್ತದೆ. ಎಳೆಯರಿಗೆಲ್ಲ ಅದನ್ನೇ ಬೈದು ಕಲಿಸಿದವನು, ಅವಸರದಲ್ಲಿ ತಾನೇ ಮರೆತ. ಶಾಯಿ ಹರಡಿ, ಮುದುಕಿಯ ಬದಲು ಪೀಠದ ಮೇಲೊಂದು ಕರಿ ಮಚ್ಚೆ ಉಳಿಯಿತು. ತಲೆ ಚಚ್ಚಿಕೊಂಡ. ಆದರೂ ಭಾನುವಾರ ಅದೇ ಹಾಳೆಯನ್ನು ಪ್ರಾರ್ಥನೆ ಮನೆಯ ಗೋಡೆಗೆ ತೂಗುಹಾಕಿದ.

"ಅಯ್ಯೋ, ಸಹಿ ಆದ ನಕ್ಷೆ ಕಣಯ್ಯಾ! ಪೀಠದ ಮೇಲೇನದು ಕಲೆ?" ಬೆಕ್ ಕೂಗಿದ.

ಎಲ್ಲರೂ ತಿರುಗಿದರು. ಹಿಂದಿನ ಬೆಂಚಿನಲ್ಲಿ ಅಮಾಲಿಯಾ ತಲೆ ಎತ್ತಿದಳು. ಎಡ್ಮಂಡ್ ಎದ್ದು ನಿಂತ.

"ಕಲೆ ಅಲ್ಲ, ಅಮಾಲಿಯಾ ಅತ್ತೆ ಅದು," ಎಂದ. "ಅಳಿಸು ಅಂದಿದ್ದು ನೀವು. ಅಳಿಸಿದ್ದು ನಾನು."